ಎಂಟನೆಯ ಉಬ್ಬಿನ ಮುಂದೆ ಮೊಟ್ಟೆ ಅಕ್ಕ

ಬೀದಿದೀಪ ಇನ್ನೂ ಆರಿಲ್ಲ. ಶೆಡ್ಡಿನ ಬಾಗಿಲನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ಹೋಗುವ ಹೆಂಗಸು ಗ್ರೈಂಡಿಂಗ್ ಯಂತ್ರದ ಕಲ್ಲನ್ನು ಸ್ವಲ್ಪ ಹೊತ್ತು ಸುಮ್ಮನೆ ತಿರುಗಲು ಬಿಡುತ್ತಾರೆ. ಬಿಸಿಯಾಗದ ಯಂತ್ರ ಅಳತೆಯಲ್ಲಿ ಸುಳ್ಳು ಹೇಳುತ್ತದೆ ಎಂಬುದು ಅವರ ಅನುಭವ. ಮೇಜಿನ ಮೇಲೆ, ಹಳೆಯ ದುಪ್ಪಟಿಯ ತುಂಡಿನಲ್ಲಿ ಮಲಗಿರುವುದು ಒಂದು ಕಾಲದ ರೇಸ್ ಕಾರಿನ ಕ್ಯಾಮ್‌ಶಾಫ್ಟ್. ಉಕ್ಕಿನ ದಂಡ, ಮೈಮೇಲೆ ಎಂಟು ಉಬ್ಬು. ಒಂದೊಂದೂ ಉದ್ದಕ್ಕೆ ಸೀಳಿದ ಮೊಟ್ಟೆಯ ಆಕಾರ. ಹಾಗಾಗಿ ಬೀದಿಗೆಲ್ಲ ಅವರು ಮೊಟ್ಟೆ ಅಕ್ಕ.

"ಡಜನ್ ಎಷ್ಟು ಅಂತ ಕೇಳ್ಕೊಂಡು ಬಂದವರೂ ಇದ್ದಾರೆ" ಎಂದು ನಗುತ್ತಾರೆ.

ಆ ಉಬ್ಬು ಮಾಡುವುದೇನು? "ಇಂಜಿನ್ನಿಗೆ ಉಸಿರಾಡೋಕೆ ಬಾಗಿಲು ಇರತ್ತಲ್ಲ, ವಾಲ್ವು, ಅದನ್ನ ತೆಗೆಯೋದು ಇದೇ. ಎಷ್ಟು ತೆಗೀಬೇಕು, ಎಷ್ಟು ಹೊತ್ತು ತೆಗೆದಿರ್ಬೇಕು, ಯಾವಾಗ ಮುಚ್ಚಬೇಕು. ಇಷ್ಟೇ. ಸ್ಪೀಡು, ಪವರು ಅನ್ನೋ ಮಿಕ್ಕ ಅಂಕಿಯೆಲ್ಲ ಇದರ ಮಕ್ಕಳುಮರಿ."

ಈ ಕಲ್ಲು ಮೊದಲು ಗಂಡನದಾಗಿತ್ತು. ಅವರ ಭುಜ ಕೈಕೊಟ್ಟ ಮೇಲೆ ಅಕ್ಕನ ಪಾಲಿಗೆ ಬಂತು. ಈಗ ಗಂಡನದು ಅಳೆಯುವ ಕೆಲಸ. ಮೊದಮೊದಲು ಗಿರಾಕಿಗಳು ಇವರ ತಲೆಯ ಮೇಲಿಂದ ಒಳಗೆ ಇಣುಕಿ, "ಮೇಸ್ತ್ರಿ ಇಲ್ವೇನಮ್ಮಾ?" ಎನ್ನುತ್ತಿದ್ದರಂತೆ.

"ಇದ್ದಾರೆ, ಟೀ ಮಾಡ್ತಿದ್ದಾರೆ ಅಂತಿದ್ದೆ."

"ಟೀ ಚೆನ್ನಾಗಿರತ್ತೆ ಅಂತ್ಲೂ ಹೇಳೇ!" ಒಳಗಿನಿಂದ ಗಂಡನ ಕೂಗು.

ಅಕ್ಕನಿಗೆ ಅದು ಕೇಳಿಸುವುದಿಲ್ಲ. ಆ ಕಡೆಯ ಕಿವಿಯನ್ನು ಯಂತ್ರದ ಸದ್ದು ಎಂದೋ ತಿಂದುಹಾಕಿದೆ. ಎಣ್ಣೆನೀರಿಗೆ ಬೆರಳ ತುದಿಗಳು ಬಿರಿದಿವೆ. ದಿನಕ್ಕೊಂದು ದಂಡ ಮುಗಿದರೆ ಹೆಚ್ಚು.

ಈ ದಂಡ ತಂದವರು ಒಬ್ಬ ಹಲ್ಲಿನ ಡಾಕ್ಟರು. ಸವೆದ ಉಬ್ಬುಗಳನ್ನು ಸರಿಮಾಡುವುದರ ಜೊತೆಗೆ, ವಾಲ್ವು ಇನ್ನೂ ಹೆಚ್ಚು ಹೊತ್ತು ತೆರೆದಿರುವಂತೆ ಅರೆಯಬೇಕು, ಗಾಡಿ ಹಾರಬೇಕು ಎಂಬುದು ಅವರ ಆಸೆ.

"ಹಾರತ್ತೆ ಡಾಕ್ಟ್ರೇ. ಸಿಗ್ನಲ್ಲಲ್ಲಿ ನಿಂತಾಗ ಕೆಮ್ಮತ್ತೆ, ಅಷ್ಟೇ" ಎಂದಿದ್ದರು ಅಕ್ಕ. ಆಮೇಲೆ ಎಂಟನೆಯ ಉಬ್ಬಿನ ಮೇಲಿದ್ದ ಕುಳಿ ತೋರಿಸಿದರು. ಉಕ್ಕಿನ ಗಟ್ಟಿತನವೆಲ್ಲ ಮೇಲಿನ ತೆಳು ಪದರದಲ್ಲಿ. ಒಳಗೆ ಮೆದು. ಪದರ ದಾಟಿ ಅರೆದರೆ ಉಬ್ಬು ಸವೆದುಹೋಗುತ್ತದೆ. "ಹುಳುಕು ಇರೋಷ್ಟೇ ತಾನೆ ನೀವೂ ಕೊರೆಯೋದು?"

"ಹಲ್ಲಾದ್ರೆ ಹೊಸದು ಕಟ್ಟಿಕೊಡ್ತೀನಿ ಅಕ್ಕಾ. ಇಂಥದ್ದು ಇನ್ನೊಂದು ಎಲ್ಲಿಂದ ತರ್ಲಿ? ಹಳೇ ಅಳತೆಗೇ ಮಾಡಿ" ಎಂದು ಡಾಕ್ಟರು ಆಸೆ ಬಿಟ್ಟುಕೊಟ್ಟರು.

ಏಳು ಉಬ್ಬು ಮುಗಿದಿವೆ. ಇವತ್ತು ಎಂಟನೆಯದು. ಡಾಕ್ಟರು ಬೆಳಗಿನ ಕ್ಲಿನಿಕ್ಕಿಗೆ ಮುಂಚೆಯೇ ಬಂದು ಬಾಗಿಲಲ್ಲಿ ನಿಂತಿದ್ದಾರೆ. ಕಲ್ಲು ತಾಗುತ್ತದೆ, ಎಣ್ಣೆನೀರು ಚಿಮ್ಮುತ್ತದೆ. ಅಕ್ಕ ನಿಲ್ಲಿಸಿ, ಒರೆಸಿ, ಉಗುರಿನಿಂದ ಸವರುತ್ತಾರೆ. ಕುಳಿಗೆ ಉಗುರು ತಡೆಯುತ್ತದೆ. ಮತ್ತೆ ಕಲ್ಲು. ಮತ್ತೆ ಉಗುರು. ಇನ್ನೂ ತಡೆಯುತ್ತಿದೆ.

"ಸಾಕೇನೇ?" ಗಂಡ ಹತ್ತಿರ ಬಂದು ಕೇಳುತ್ತಾರೆ.

"ಇನ್ನೊಂದೇ ಸಲ. ಆಮೇಲೆ ನೀವು ನಿಲ್ಲಿಸ್ಬೇಡ ಅಂದ್ರೂ ನಿಲ್ಲಿಸ್ತೀನಿ."

ಕಲ್ಲು ಇನ್ನೊಮ್ಮೆ ಮುಟ್ಟಿ ಹಿಂದೆ ಸರಿಯುತ್ತದೆ. ಈಗ ಉಗುರು ನುಣ್ಣಗೆ ಜಾರುತ್ತದೆ. ಆದರೆ ಗಟ್ಟಿ ಪದರ ಉಳಿದಿದೆಯೇ? ಗಂಡ ಡಯಲ್ ಇಟ್ಟು ಅಳೆದು, "ಅಳತೆ ಸರಿಯಿದೆ" ಎನ್ನುತ್ತಾರೆ. ಅಕ್ಕ ಅಷ್ಟು ಸಾಲದೆಂಬಂತೆ ತಲೆಯಾಡಿಸಿ, ಕಬ್ಬಿಣ ಉಜ್ಜುವ ಸಣ್ಣ ಅರವೊಂದನ್ನು ತೆಗೆದುಕೊಂಡು, ಉಬ್ಬಿನ ಅಂಚಿಗೆ ಒತ್ತಿ ಎಳೆಯುತ್ತಾರೆ. ಮೆದುವಾಗಿದ್ದರೆ ಅರ ಕಚ್ಚುತ್ತದೆ. ಕಚ್ಚುವುದಿಲ್ಲ, ಗಾಜಿನ ಮೇಲೆ ಎಳೆದಂತೆ ಕೀರೆಂದು ಜಾರಿಹೋಗುತ್ತದೆ.

ಅಕ್ಕ ಸ್ಟೂಲಿನ ಮೇಲೆ ಕೂತುಬಿಡುತ್ತಾರೆ.

"ಇಂಜಿನ್ ಮೇಲೆ ನಿಮ್ಮ ಹೆಸರು ಕೆತ್ತಿಸ್ತೀನಿ ಅಕ್ಕಾ" ಎನ್ನುತ್ತಾರೆ ಡಾಕ್ಟರು, ಬಾಗಿಲಿನಿಂದ.

"ಬೇಡ ಡಾಕ್ಟ್ರೇ. ನಾನು ಮಾಡಿದ್ದು ಯಾರಿಗಾದ್ರೂ ಕಾಣಿಸ್ತು ಅಂದ್ರೆ ಇಂಜಿನ್ ಬಿಚ್ಚಿದ್ರು ಅಂತ ಅರ್ಥ. ನಾನಿರೋವರೆಗೂ ಇದು ಯಾರ ಕಣ್ಣಿಗೂ ಬೀಳದೇ ಇರ್ಲಿ."