ಅಕ್ಕ ಕೀ ಕೊಡುತ್ತಿದ್ದ ಗಡಿಯಾರ

ಇದನ್ನು ಹೇಳಬೇಕೆಂದು ಕೂತು, ಬೇರೆ ಏನನ್ನೋ ಹೇಳಿ ಎದ್ದುಹೋದದ್ದು ನನ್ನ ಬದುಕಿನಲ್ಲಿ ಬಹಳ ಸಲ ಆಗಿದೆ. ವರದಹಳ್ಳಿಯ ಗುಡ್ಡದ ಮೇಲಿನ ಆಶ್ರಮಕ್ಕೆ ಹೋದಾಗಲೆಲ್ಲ ಕಣ್ಣು ಮುಚ್ಚಿ ಕೂತು ಮನಸ್ಸಿನಲ್ಲೇ ಹೇಳಿಕೊಂಡಿದ್ದೇನೆ. ಕೆಳಗಿಳಿದು ಬಸ್ ಹತ್ತುವಷ್ಟರಲ್ಲಿ ಅದೂ ಒಂದು ನಾಟಕವೆನಿಸುತ್ತಿತ್ತು. ದೇವರು ತಿರುಗಿ ಪ್ರಶ್ನೆ ಕೇಳುವುದಿಲ್ಲವಲ್ಲ. ಪ್ರಶ್ನೆ ಕೇಳಬಲ್ಲವರ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ. ಈಗ ಅಂಗಡಿ ಬೇರೆಯವರಿಗೆ ಕೊಟ್ಟಾಗಿದೆ, ಕೈ ನಡುಗುತ್ತದೆ, ಸಣ್ಣ ಸ್ಕ್ರೂ ಹಿಡಿಯಲು ಆಗುವುದಿಲ್ಲ. ಪೆನ್ನು ಹಿಡಿಯಲು ಆಗುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಸಾಗರದಲ್ಲಿ ವಾಚ್ ರಿಪೇರಿ ಅಂಗಡಿ ಇಟ್ಟವನು. ಎಸ್ಸೆಸ್ಸೆಲ್ಸಿ ಮುಗಿಸಿ ಒಬ್ಬರ ಬಳಿ ಕೆಲಸ ಕಲಿತು, ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಗೂಡಿನಂಥ ಜಾಗದಲ್ಲಿ ಕೂತೆ. ಮೊಬೈಲು ಬಂದಮೇಲೆ ಜನ ವಾಚ್ ಕಟ್ಟುವುದನ್ನೇ ಬಿಟ್ಟರು. ಅಂಗಡಿ ಮುಚ್ಚುವುದೇ ಎಂದುಕೊಂಡಿದ್ದಾಗ ಜೋಗದ ದಾರಿಯಲ್ಲಿ, ಆಗುಂಬೆಯ ದಾರಿಯಲ್ಲಿ ಹೋಂಸ್ಟೇಗಳು ಎದ್ದವು. ಅವರಿಗೆ ಹಳೆಯ ಸಾಮಾನು ಬೇಕಿತ್ತು. ಗೋಡೆಗೆ ಇಂಗ್ಲಿಷ್ ಗಡಿಯಾರ, ಜಗಲಿಗೆ ಕಾಲು ನೀಡಿ ಕೂರುವ ದೊರೆಗಳ ಕಾಲದ ಉದ್ದ ಕೈಯ ಕುರ್ಚಿ, ಕೋಣೆಗೆ ಬೀಟೆಮರದ ಬರೆಯುವ ಮೇಜು, ಅಮೃತಶಿಲೆ ಕೂರಿಸಿದ ಮುಖ ತೊಳೆಯುವ ಸ್ಟ್ಯಾಂಡು. ಹಳೇ ಮನೆಗಳ ಅಟ್ಟದಲ್ಲಿ ಇಲಿ ಓಡಾಡುತ್ತಿದ್ದ ಇಂಥವನ್ನು ನಾನು ಇಳಿಸಿ, ಒರೆಸಿ, ಪಾಲಿಶ್ ಹಾಕಿಸಿ ಅಂಗಡಿಯಲ್ಲಿಟ್ಟೆ. ವಾಚ್ ರಿಪೇರಿಯವನಿಗೆ ಒಂದೇ ವರ್ಷದಲ್ಲಿ ‘ಆಂಟಿಕ್‌ನವರು’ ಎಂಬ ಹೆಸರು ಬಂತು. ಕಾರಿನಲ್ಲಿ ಬಂದವರು ‘ಸಾರ್’ ಅನ್ನತೊಡಗಿದರು. ಆ ‘ಸಾರ್’ ನನ್ನ ತಲೆಗೇರಿತು.

ನಿಜ ಹೇಳಬೇಕೆಂದರೆ ನಾನು ಮಾರಿದ್ದರಲ್ಲಿ ಇಂಗ್ಲೆಂಡಿನದ್ದು ಕಡಿಮೆ. ಜಪಾನಿನ ಗಡಿಯಾರಕ್ಕೆ ಹಳೇ ಪೆಟ್ಟಿಗೆ ತೊಡಿಸುತ್ತಿದ್ದೆ, ಜರ್ಮನಿಯ ಮಿಷನ್ನನ್ನು ಬೇರೆಯದರ ಹೊಟ್ಟೆಗೆ ಸೇರಿಸುತ್ತಿದ್ದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಹೊಟ್ಟೆ ಬದಲಿಸುವುದು ಎನ್ನುತ್ತಿದ್ದೆವು. ಕೊಳ್ಳುವವರು ಹೊರಗಿನ ಮರ ನೋಡುತ್ತಿದ್ದರು, ಬೆನ್ನು ಬಿಚ್ಚಿ ನೋಡುತ್ತಿರಲಿಲ್ಲ. ಅದು ತಪ್ಪು ಅಂತ ಆಗ ಅನಿಸಿದ್ದೂ ಇಲ್ಲ.

ತೀರ್ಥಹಳ್ಳಿಯ ಕಡೆ ದೊಡ್ಡ ಹೋಂಸ್ಟೇ ಕಟ್ಟಿಸುತ್ತಿದ್ದ ಯಜಮಾನರೊಬ್ಬರು ಮಾತ್ರ ಬೇರೆ ಥರ. ಬಹಳ ಮರ್ಯಾದೆಯ ಮನುಷ್ಯ. ಅಂಗಡಿಯಲ್ಲಿ ಚಹಾ ಕುಡಿಯುತ್ತಾ, “ನಂಗೆ ಒಂದೇ ಒಂದು ಗಡಿಯಾರ ಸಾಕು ಸಾರ್. ಆದ್ರೆ ಅಪ್ಪಟ ಇಂಗ್ಲಿಷಿಂದಾಗ್ಬೇಕು. ನನ್ನ ಸ್ನೇಹಿತ್ರೊಬ್ರು ಬರ್ತಾರೆ, ಅವ್ರು ಹಿಂದಿನ ಬಾಗ್ಲು ತೆಗ್ದು ನೋಡೋರು” ಎಂದರು. ಅಲ್ಲಿದ್ದ ನಾಲ್ಕು ಜನರ ಎದುರು ನಾನು, “ಅಪ್ಪಟದ್ದೇ ಇದೆ. ಸ್ವಲ್ಪ ದಿನ ಕೊಡಿ” ಎಂದುಬಿಟ್ಟೆ. ಇರಲಿಲ್ಲ. ನನಗೆ ಗೊತ್ತಿದ್ದ ಅಪ್ಪಟ ಇಂಗ್ಲಿಷ್ ಗಡಿಯಾರ ಈ ಮೂರು ತಾಲ್ಲೂಕಿನಲ್ಲಿ ಒಂದೇ. ಅದು ಹೊಸನಗರದ ಹತ್ತಿರ ನನ್ನ ಅಕ್ಕನ ಮನೆಯ ಗೋಡೆಯ ಮೇಲಿತ್ತು.

ಅಕ್ಕ ಎಂದರೆ ನನ್ನನ್ನು ಓದಿಸಿದವಳು. ನಮ್ಮ ಊರಲ್ಲಿ ಹೈಸ್ಕೂಲಿರಲಿಲ್ಲ, ಅವಳು ಮದುವೆಯಾಗಿ ಹೋದ ಮನೆಯಲ್ಲಿದ್ದುಕೊಂಡೇ ನಾನು ಓದಿದ್ದು. ಭಾವನ ಅಪ್ಪ ಗೇಣಿಗೆ ಗದ್ದೆ ಮಾಡುತ್ತಿದ್ದವರು. ಅವರ ಒಡೆಯರು ಊರು ಬಿಟ್ಟು ಹೋಗುವಾಗ ಆ ಗಡಿಯಾರವನ್ನು ಇವರ ಕೈಗೆ ಕೊಟ್ಟು ಹೋಗಿದ್ದರಂತೆ. ಊರಿಗೆಲ್ಲ ಇದ್ದ ಗಡಿಯಾರ ಅದೊಂದೇ. ಹಾಗಾಗಿ ಯಾರ ಮನೆಯಲ್ಲಿ ಮದುವೆಯಾದರೂ ಅದು ಹೋಗಬೇಕು. ಹಿಂದಿನ ದಿನ ಹುಡುಗನ ಕಡೆಯವರೋ ಹುಡುಗಿಯ ಕಡೆಯವರೋ ಎಲೆ ಅಡಿಕೆ ಹಿಡಿದು ಬಂದು ಕರೆಯಬೇಕು, ಮನುಷ್ಯರನ್ನು ಕರೆದ ಹಾಗೆ. ಮದುವೆ ಮನೆಯಲ್ಲಿ ಅಕ್ಕಿ ತುಂಬಿದ ಹರಿವಾಣದ ಹಿಂದೆ ಅದನ್ನು ನಿಲ್ಲಿಸಿ ಅರಿಸಿನ ಕುಂಕುಮ ಹಚ್ಚಿ, ಅದರ ಮುಳ್ಳು ನೋಡಿಯೇ ಧಾರೆ ಎರೆಯುವುದು. ಎಲ್ಲರ ಜೇಬಿನಲ್ಲೂ ಮೊಬೈಲು ಬಂದಮೇಲೂ ಈ ಕ್ರಮ ಬಿಟ್ಟಿರಲಿಲ್ಲ. ಅದಕ್ಕೆ ಕೀ ಕೊಡುವವಳು ಅಕ್ಕ. ಅತ್ತೆಯಿಂದ ಅವಳ ಕೈಗೆ ಬಂದ ಕೆಲಸ. ವಾರಕ್ಕೊಮ್ಮೆ ಮಣೆ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆಯ ಕಡೆ ನೋಡದೆ ಯಾರ ಜೊತೆಗೋ ಮಾತಾಡುತ್ತಲೇ ಗಡಿಯಾರದ ಮುಖದ ಎರಡೂ ತೂತಿಗೆ, ಮುಳ್ಳಿನದಕ್ಕೂ ಗಂಟೆಯದಕ್ಕೂ, ಕೀ ತಿರುಗಿಸುತ್ತಿದ್ದಳು.

ಮೊದಲು ಕೇಳಿಯೇ ನೋಡಿದೆ. “ಅಕ್ಕಾ, ಅದನ್ನ ಕೊಡ್ತ್ಯಾ? ನಿಂಗೆ ಬೇರೆ ಹೊಸ ಗಡಿಯಾರ ತಂದು ಹಾಕ್ತೀನಿ.”

ಅವಳು ಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತದೆ, “ನನ್ನ ಗಂಡನ್ನೇ ಕೊಡು ಅಂದಿದ್ರೂ ಕೊಡ್ತಿದ್ದೆ ಏನೋ. ಅವ್ನು ಹೋಗಾಯ್ತಲ್ಲ. ಇದನ್ನ ಕೊಡೂಕಾಗ್ದು” ಎಂದು ನಕ್ಕಳು. ಆಮೇಲೆ, “ಅದು ನಂದಲ್ಲ ತಮ್ಮ, ಊರಿಂದು. ನಾ ಕೀ ಕೊಡೂಳು ಅಷ್ಟೇ” ಎಂದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸ್ವಲ್ಪ ದಿನದಲ್ಲಿ ಅವಳ ಪಕ್ಕದ ಮನೆಯಲ್ಲಿ ಮದುವೆ ಗೊತ್ತಾಯಿತು, ಗಡಿಯಾರ ಹಿಂದೆ ಬೀಳುತ್ತಿತ್ತು. ಅಕ್ಕನ ಮಗ, ನನ್ನ ಅಳಿಯ, ಅದನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಅಂಗಡಿಗೆ ತಂದ. “ಮಾವ, ಒಂಚೂರು ಎಣ್ಣೆ ಬಿಟ್ಟು ಕೊಡ್ಬೇಕಂತೆ. ಅವ್ವ ಹೇಳ್ಯಾಳೆ” ಎಂದ. ನಾನು ಬಿಟ್ಟು ಹೋಗು ಎಂದೆ. ಅವನು ಹೋದ ಮೇಲೆ ಹಿಂದಿನ ಬಾಗಿಲು ತೆಗೆದು ನೋಡಿದೆ. ಹಿತ್ತಾಳೆಯ ತಗಡಿನ ಮೇಲೆ ಇಂಗ್ಲೆಂಡಿನ ಯಾವುದೋ ಊರಿನ ಹೆಸರು ಕೆತ್ತಿತ್ತು.

ಹೊಟ್ಟೆ ಬದಲಿಸಿದೆ. ಅಕ್ಕನ ಮನೆಯವರಿಗೆ ಗುರುತಿದ್ದ ಪೆಟ್ಟಿಗೆಯನ್ನು, ಅರಿಸಿನದ ಕಲೆ ಕೂತ ಮರವನ್ನು ಮುಟ್ಟಲಿಲ್ಲ. ಬಿಳಿ ಮುಖವನ್ನೂ ಉಳಿಸಿ, ಅದರ ತೂತುಗಳನ್ನು ಅರದಿಂದ ಉಜ್ಜಿ ಬೇರೆ ಮಿಷನ್ನಿಗೆ ಹೊಂದಿಸಿದೆ. ದನಿಯಿಂದ ಸಿಕ್ಕಿಬೀಳಬಾರದೆಂದು ಗಂಟೆ ಬಾರಿಸುವ ಬಟ್ಟಲನ್ನೂ ಹಳೆಯದನ್ನೇ ಇಟ್ಟೆ. ಕಣ್ಣಿಗೂ ಕಿವಿಗೂ ಉತ್ತರ ಇಟ್ಟುಕೊಂಡೆ. ಅಪ್ಪಟ ಮಿಷನ್ನು ಚೆಂದದ ಬೇರೆ ಪೆಟ್ಟಿಗೆಯಲ್ಲಿ ಕೂತು ತೀರ್ಥಹಳ್ಳಿಗೆ ಹೋಯಿತು. ಸ್ನೇಹಿತರು ಬಂದು ಬೆನ್ನು ತೆಗೆದು ನೋಡಿ ತಲೆದೂಗಿದರಂತೆ. ಯಜಮಾನರು ಫೋನ್ ಮಾಡಿ, “ಮಾತು ಉಳಿಸ್ಕೊಂಡ್ರಿ ಸಾರ್” ಎಂದರು.

ಮದುವೆಯ ಹಿಂದಿನ ದಿನ ನಾನೇ ಗಡಿಯಾರ ಹೊತ್ತು ಹೊಸನಗರಕ್ಕೆ ಹೋದೆ. ಜಗಲಿ ತುಂಬ ಜನ. ಗಡಿಯಾರ ಕರೆಯಲು ಬಂದವರೂ ಎಲೆ ಅಡಿಕೆ ಹಿಡಿದು ಕೂತಿದ್ದರು. ಗೋಡೆಗೆ ತೂಗುಹಾಕಿದೆ, ಬಟ್ಟಲು ಠಣ್ ಎಂದಿತು, ಎಲ್ಲರಿಗೂ ಖುಷಿಯಾಯಿತು. ಅಕ್ಕ ಮಣೆ ಹತ್ತಿ ಯಾರನ್ನೋ ನೋಡಿ ನಗುತ್ತಾ ಕೀ ಹಾಕಿದಳು. ಬಲಗಡೆಯದು ತಿರುಗಿತು. ಎಡಗಡೆಯದಕ್ಕೆ ಹಾಕಿದವಳು ನಿಂತುಬಿಟ್ಟಳು. ಹಳೆಯದರಲ್ಲಿ ಎರಡೂ ಒಂದೇ ಕಡೆಗೆ ತಿರುಗುತ್ತಿದ್ದವು. ನಾನು ಕೂರಿಸಿದ್ದರಲ್ಲಿ ಎಡಗಡೆಯದು ಎದುರು ತಿರುಗುವುದು. ಕೈಯ ವಿಷಯ ನಾನು ಯೋಚಿಸಿಯೇ ಇರಲಿಲ್ಲ.

“ತಮ್ಮ, ಇದು ನಮ್ಮದಲ್ಲ” ಎಂದಳು.

“ಎಂತ ಅಕ್ಕಾ?”

“ನಮ್ಮ ಗಡಿಯಾರ ಅಲ್ಲ ಇದು. ಕೀ ಹಿಂಗೆ ತಿರುಗೂದಲ್ಲ.”

ಅಳಿಯ ಹತ್ತಿರ ಹೋಗಿ, “ಅವ್ವ, ಕಲೆ ಎಲ್ಲ ಅಲ್ಲೇ ಐತಲ್ಲ. ಪೆಟ್ಟಿಗೆ ನೋಡು” ಎಂದ.

“ಪೆಟ್ಟಿಗೆ ಹೌದು ಮಾರಾಯ. ಒಳಗಿಂದು ಅಲ್ಲ.”

ಆಗ ಎಲ್ಲರೂ ನನ್ನ ಕಡೆ ನೋಡಿದರು. ಹೆಣ್ಣು ಕೊಟ್ಟ ಮನೆಯವನು, ಸೋದರಮಾವ, ಗಡಿಯಾರದ ಕಸುಬಿನವನು. ಅಲ್ಲಿ ನನ್ನ ಮಾತಿಗೆ ಬೆಲೆ ಇತ್ತು. ‘ಹೊಸ ಚಕ್ರ ಹಾಕಿದ್ದೇನೆ, ಅದಕ್ಕೇ ಎದುರು ತಿರುಗುತ್ತದೆ’ ಎಂದರೂ ಸಾಕಿತ್ತು, ಅದೂ ಸುಳ್ಳೇ, ಆದರೆ ಯಾರಿಗೂ ನೋವಾಗದ ಸುಳ್ಳು. ನನಗೆ ಆ ಕ್ಷಣ ಅದು ಹೊಳೆಯಲಿಲ್ಲ. ಹೊಳೆದದ್ದು ಬೇರೆ. ನಾನು ನಕ್ಕು, “ಅದು ಯಾವಾಗ್ಲೂ ಹಂಗೇ ತಿರುಗೂದು ಅಕ್ಕಾ. ನಿಂಗೇ ಮರ್ತು ಹೋಗ್ಯದೆ. ವಯಸ್ಸಾಯ್ತಲ್ಲ” ಎಂದೆ.

ಕರೆಯಲು ಬಂದಿದ್ದ ಮುದುಕಿಯೊಬ್ಬಳು ಪಕ್ಕನೆ ನಕ್ಕಳು. “ಗಂಡನ ಹೆಸರಾದ್ರೂ ನೆನಪೈತನೇ?” ಎಂದಳು. ಎಲ್ಲರೂ ನಕ್ಕರು. ಅಕ್ಕನ ಸೊಸೆ ಮೆಲ್ಲಗೆ, “ಅತ್ತೆ, ನಾಳೆ ಧಾರೆ. ಶುಭಕಾರ್ಯಕ್ಕೆ ಹೋಗೂ ಗಡಿಯಾರಕ್ಕೆ ಹಂಗೆಲ್ಲ ಅನ್ಬಾರ್ದು, ಇಳೀರಿ” ಎಂದು ಕೈ ಹಿಡಿದಳು. ಅಳಿಯ ಕೀ ತೆಗೆದುಕೊಂಡು ಎದುರು ತಿರುಗಿಸಿದ. ಸರಾಗವಾಗಿ ತಿರುಗಿತು. “ನೋಡಿದ್ಯಾ?” ಎಂದ. ಅಕ್ಕ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡಳು. ಒಳಗೆ ಹೋದಳು.

ಆ ದಿನದಿಂದ ಕೀ ಕೊಡುವ ಕೆಲಸ ಅವಳ ಕೈ ಬಿಟ್ಟಿತು. ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಮನೆಯಲ್ಲಿ ಒಬ್ಬರಿಗೆ ಮರೆವು ಎಂದು ಒಮ್ಮೆ ಹೆಸರಿಟ್ಟರೆ ಅವರು ಆಡಿದ್ದೆಲ್ಲ ಮರೆವೇ ಆಗುತ್ತದೆ. ಯಾವ ಗದ್ದೆಗೆ ಯಾವ ಬೀಜ ಎಂದು ಆ ಮನೆಯಲ್ಲಿ ಹೇಳುತ್ತಿದ್ದವಳು ಅವಳು. ಆ ವರ್ಷ ಅವಳನ್ನು ಕೇಳಲಿಲ್ಲ. ಸೆರಗಿನ ತುದಿಯಲ್ಲಿದ್ದ ಉಗ್ರಾಣದ ಬೀಗದ ಕೈಯನ್ನು ‘ಎಲ್ಲಾದ್ರೂ ಬೀಳ್ಸಿದ್ರೆ ಕಷ್ಟ’ ಎಂದು ಸೊಸೆ ಇಸಿದುಕೊಂಡಳು. ಒಂದು ಬೇಸಿಗೆಯಲ್ಲಿ ನಾನು ಹೋದಾಗ ಅಪ್ಪೆಮಿಡಿ ಉಪ್ಪಿನಕಾಯಿಯ ದೊಡ್ಡ ಭರಣಿಯೊಂದು ಹಾಳಾಗಿತ್ತು. ಅಕ್ಕ ಉಪ್ಪು ಹಾಕಿ, ಹಾಕಿದ್ದೇನೆ ಎಂದು ಹೇಳಿಯೂ ಇದ್ದಳಂತೆ. ಅತ್ತೆಯ ಮಾತು ನಂಬುವುದು ಹೇಗೆಂದು ಸೊಸೆ ಮತ್ತೊಮ್ಮೆ ಅಷ್ಟೇ ಉಪ್ಪು ಸುರಿದಿದ್ದಳು. ಬಾಯಿಗಿಡಲು ಆಗದಷ್ಟು ಉಪ್ಪು. ಸೊಸೆ ಕೆಟ್ಟವಳಲ್ಲ, ನನ್ನ ಮುಂದೆಯೇ ಅಳು ಮುಖ ಮಾಡಿಕೊಂಡು, “ನೀವು ಹಾಕಿದ್ದೇ ಹೌದಾ ಅತ್ತೆ?” ಎಂದು ಕೇಳಿದಳು.

ಅಕ್ಕ ಹೇಳಿದ್ದು ಇಷ್ಟು: “ಹಾಕಿದ್ದೆ ಅಂತ ಕಾಣ್ತದೆ. ನನ್ನ ಮಾತಿಗೆ ನಂಗೇ ಗ್ಯಾರಂಟಿ ಇಲ್ಲ ಮಾರಾಯ್ತಿ.”

ಭರಣಿ ಹಾಳಾದದ್ದು ಅವಳ ಮಾತು ಸರಿಯಾಗಿದ್ದುದರಿಂದ. ಅದು ಅಲ್ಲಿ ಕೂತಿದ್ದ ಯಾರಿಗೂ ಹೊಳೆಯಲಿಲ್ಲ, ಅವಳಿಗೂ. ನನಗೆ ಹೊಳೆಯಿತು. ಚಹಾ ಕುಡಿದು ಲೋಟ ಕೆಳಗಿಟ್ಟೆ.

ಅದೇ ವಾರ ತೀರ್ಥಹಳ್ಳಿಗೆ ಹೋದೆ, ಗಡಿಯಾರ ಹಿಂದೆ ಕೇಳೋಣ ಎಂದು. ಊಟದ ಕೋಣೆಯ ಗೋಡೆಯ ಮೇಲೆ ಅದು ಓಡದೆ ನಿಂತಿತ್ತು. ಯಾರೂ ಕೀ ಕೊಟ್ಟಿರಲಿಲ್ಲ. “ಢಣಢಣ ಅನ್ನತ್ತೆ ಅಂತ ಗೆಸ್ಟ್‌ಗಳು ನಿದ್ದೆ ಇಲ್ಲ ಅಂತಾರೆ ಸಾರ್. ಅದ್ಕೇ ನಿಲ್ಸಿದೀವಿ. ನೋಡೋಕೆ ಚೆಂದ ಅಲ್ವಾ?” ಎಂದರು ಯಜಮಾನರು. ಹಿಂದೆ ಕೊಡಿ ಎನ್ನಲು ಕಾರಣ ಹೇಳಬೇಕಿತ್ತು. ಕಾರಣ ಹೇಳಿದರೆ ನಾನು ಕಳ್ಳ. ಆವತ್ತು ಅಲ್ಲಿ ಊಟ ಮಾಡಿದೆ. ಜಗಲಿಗೆ ಇನ್ನೆರಡು ಕುರ್ಚಿ ಬೇಕೆಂದರು, ಒಪ್ಪಿಕೊಂಡು ಬಂದೆ.

ಆಮೇಲಿನದ್ದು ಬರೆಯಲು ಎಲ್ಲಕ್ಕಿಂತ ಕಷ್ಟ. ಅಕ್ಕನ ಮೊಮ್ಮಗಳ ಮದುವೆ. ಅಕ್ಕಿಯ ಹರಿವಾಣದ ಹಿಂದೆ ಅದೇ ಗಡಿಯಾರ, ನಾನು ಹೊಟ್ಟೆ ಬದಲಿಸಿದ್ದು. ಧಾರೆ ಮುಗಿದು ಊಟಕ್ಕೆ ಎಲೆ ಹಾಕುತ್ತಿದ್ದರು. ಅಕ್ಕ ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. ತೆಳ್ಳಗಾಗಿದ್ದಳು.

“ತಮ್ಮ, ನಿನ್ನತ್ರ ಒಂದು ಮಾತು ಐತಿ. ಬೇಜಾರು ಮಾಡ್ಕೋಬೇಡ.”

“ಹೇಳಕ್ಕ.”

“ಆವತ್ತು ಜನದ ಮುಂದೆ ನಿಂಗೆ ಅಂದ್ಬಿಟ್ಟೆ, ಗಡಿಯಾರ ನಮ್ಮದಲ್ಲ ಅಂತ. ಕದ್ದೋನು ಅಂದ ಹಂಗೇ ಆಯ್ತಲ್ಲ ಅದು. ಆಗ್ಲೇ ನನ್ನ ತಲೆ ಸರಿ ಇರ್ಲಿಲ್ಲ ಕಣಾ, ಗೊತ್ತಾಗ್ಲಿಲ್ಲ. ತಪ್ಪಾಯ್ತು.”

ನನ್ನ ಕೈ ಹಿಡಿದುಕೊಂಡಿದ್ದಳು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವ ಮನುಷ್ಯನಿಗೂ ಸಿಕ್ಕುವುದಿಲ್ಲ. ‘ನಿನ್ನ ಕೈ ಸರಿಯಾಗೇ ಇತ್ತು’ ಎಂದಿದ್ದರೆ ಸಾಕಿತ್ತು. ನಾನು, “ಅಯ್ಯೋ ಬಿಡಕ್ಕ, ಅದನ್ನೆಲ್ಲ ಯಾರು ಮನಸ್ಸಲ್ಲಿ ಇಟ್ಕೊಂಡಾರು” ಎಂದೆ. ದೊಡ್ಡ ಮನಸ್ಸಿನವನ ಹಾಗೆ ಕ್ಷಮಿಸಿಬಿಟ್ಟೆ. ಅವಳ ಮುಖ ಹಗುರಾಯಿತು. “ನೀ ಉಣ್ಣು, ಪಾಯಸ ಚೊಲೋ ಆಗೈತಂತೆ” ಎಂದು ಎದ್ದು ಹೋದಳು.

ಕಳೆದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡಳು. ವೈಕುಂಠ ಸಮಾರಾಧನೆ ಮುಗಿದ ಮಾರನೆ ದಿನ ಅಳಿಯನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಮಿಷನ್ನು, ತೀರ್ಥಹಳ್ಳಿ, ಎಲ್ಲ. ಅವನು ಬೈಯುತ್ತಾನೆ, ಹೊಡೆದರೂ ಹೊಡೆಸಿಕೊಳ್ಳೋಣ ಎಂದುಕೊಂಡಿದ್ದೆ. ಅವನು ಎರಡನ್ನೂ ಮಾಡಲಿಲ್ಲ.

“ಅವ್ವ ಹೇಳಿದ್ದು ಖರೇನೇ ಆಗಿತ್ತಾ ಹಂಗಾರೆ?”

“ಹೌದು.”

“ಉಪ್ಪಿಂದೂ ಖರೇನೇ ಇರ್ಬೇಕು” ಎಂದ, ತನಗೆ ತಾನೇ. ನಾನು ಅವನ ಕೈ ಹಿಡಿಯಲು ಹೋಗಿ, ಕ್ಷಮಿಸು ಎಂದೆ. ಅವನು ಕೈ ಹಿಂದಕ್ಕೆ ತೆಗೆದುಕೊಂಡ. “ನನ್ನತ್ರ ಎಂತಕ್ಕೆ ಕೇಳ್ತೀರಿ ಮಾವ? ನಿಮ್ಮ ಮಾತು ಕೇಳಿ ಅವ್ವನ ಬಾಯಿ ಮುಚ್ಚಿಸ್ದೋನು ನಾನು. ನಾನೂ ಕೇಳ್ಬೇಕಾದೋನೇ. ಇಬ್ರೂ ಯಾರತ್ರ ಕೇಳೂದು ಈಗ?”

ಅಳಿಯನಲ್ಲಿ ಕ್ಷಮೆ ಕೇಳಿದೆ. ಅವನು ಕೊಡಲಿಲ್ಲ, ಅದು ಸರಿಯೇ. ತೀರ್ಥಹಳ್ಳಿಯ ಯಜಮಾನರಿಗೂ ಹೋಗಿ ಹೇಳಿದೆ, ಅವರು ಗಡಿಯಾರ ಇಳಿಸಿ ಕೊಟ್ಟರು, ಬೈಯಲಿಲ್ಲ. ಮಿಷನ್ನನ್ನು ಹೊಸನಗರದ ಪೆಟ್ಟಿಗೆಗೆ ಮತ್ತೆ ಕೂರಿಸಲು ನನ್ನ ಕೈ ಕೇಳದೆ ಬೇರೆಯವರಿಂದ ಕೂರಿಸಿದೆ. ಊರಿನವರ ಮುಂದೆ ಜಗಲಿಯಲ್ಲಿ ನಿಂತು ತಪ್ಪೊಪ್ಪಿಕೊಂಡೆ, ಅಂದು ನಕ್ಕಿದ್ದ ಮುದುಕಿಯೂ ಅಲ್ಲಿದ್ದಳು. ಕೇಳಬೇಕಾದವರಲ್ಲೆಲ್ಲ ಕೇಳಿದ್ದೇನೆ, ಒಬ್ಬಳನ್ನು ಬಿಟ್ಟು. ನನ್ನ ಮುಂದೆಯೇ ಕೂತು, ನನ್ನ ಕೈ ಹಿಡಿದು, ಮಾಡದ ತಪ್ಪಿಗೆ ಕ್ಷಮೆ ಕೇಳಿ ಎದ್ದುಹೋದವಳನ್ನು ಬಿಟ್ಟು. ಅವಳು ನನ್ನ ಅಕ್ಕ.