ಗಂಗವ್ವನ ಹಾಡುಗಳ ನಡುವಿನ ಮಾತು

ಎಂಬತ್ತರ ದಶಕದ ನಡುಭಾಗ. ಹೈದರಾಬಾದಿನ ಒಂದು ಸಂಶೋಧನಾ ಸಂಸ್ಥೆಯ ಸಂಗೀತ-ನೃತ್ಯ ವಿಭಾಗದಲ್ಲಿ ನಾನು ಸಂಶೋಧನಾ ಸಹಾಯಕ. ಬೀದರ, ಗುಲ್ಬರ್ಗಾ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಹೆಂಗಸರ ಮನೆಗೆ ಹೋಗಿ, ಅವರ ಮದುವೆ ಹಾಡು, ಕೋಲಾಟದ ಪದಗಳನ್ನು ರೆಕಾರ್ಡ್ ಮಾಡಿ, ಸ್ವರಲಿಪಿ ಹಾಕಿ ವರದಿ ಬರೆಯುವುದು ನನ್ನ ಕೆಲಸ. ಅದಕ್ಕೆ ಕ್ಷೇತ್ರಕಾರ್ಯ ಎಂಬ ಭಾರಿ ಹೆಸರು. ನನಗೂ ಆಗ ಭಾರಿ ಜಂಬ.

ಕೂಕಟ್‌ಪಲ್ಲಿಯಲ್ಲಿ ಮಗ-ಸೊಸೆಯ ಜೊತೆ ಗಂಗವ್ವ ಇದ್ದರು. ಅರವತ್ತು ದಾಟಿತ್ತು, ದನಿ ಮಾತ್ರ ಗಂಟೆಯ ಹಾಗೆ. ನಾಲ್ಕು ಮಧ್ಯಾಹ್ನ ಕೂತು ಇಪ್ಪತ್ತೇಳು ಪದ ಹಾಡಿದರು. ಆದರೆ ಒಂದೊಂದು ಪದ ಮುಗಿದಾಗಲೂ ಮಾತು ಶುರು: “ನಮ್ಮ ಸುಶೀಲಾ ಇದ್ದಾಳಲ್ಲ ತಮ್ಮಾ...”

ಆಫೀಸಿನವರು ಕೊಟ್ಟಿದ್ದೇ ಮೂರು ಕ್ಯಾಸೆಟ್. ಮಾತು ಬಂದ ಕೂಡಲೇ ಟಕ್ಕಂತ ಪಾಜ್ ಗುಂಡಿ ಒತ್ತಿ ಟೇಪು ನಿಲ್ಲಿಸುತ್ತಿದ್ದೆ. ಪಾಪ, ಅವರು ಹೇಳುತ್ತಲೇ ಇರುತ್ತಿದ್ದರು. ನಾನು ತಲೆ ಬಗ್ಗಿಸಿ ಹಾಡಿನ ಸಂಖ್ಯೆ, ತಾಳ ಬರೆದುಕೊಳ್ಳುತ್ತ “ಹೂಂ, ಹೂಂ” ಅನ್ನುತ್ತಿದ್ದೆ. ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಮುಂದಿನ ಪದಾ ಹೇಳ್ರಿ ಅವ್ವಾರ” ಅಂದೆ. ಅಯ್ಯೋ ನನ್ನ ಜಾಣತನವೇ!

ವರದಿಯಲ್ಲಿ ಹೀಗೊಂದು ಸಾಲು ಬರೆದೆ: ‘ಗಾಯಕಿಯು ಹಾಡುಗಳ ನಡುವೆ ಆಡಿದ ಅಪ್ರಸ್ತುತ ಮಾತುಗಳನ್ನು ಕೈಬಿಡಲಾಗಿದೆ.’ ಕೆಲಸ ಅಚ್ಚುಕಟ್ಟಾಗಿದೆ ಎಂದು ಮುಖ್ಯಸ್ಥರು ಬೆನ್ನು ತಟ್ಟಿದರು.

ಒಂದೂವರೆ ವರ್ಷದ ಮೇಲೆ, ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಆಫೀಸಿಗೆ ಬಂದಳು. ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ಅರ್ಧ ದಿನ ರಜೆ ಹಾಕಿ ಬಂದಿದ್ದಳು.

“ನಾ ಗಂಗವ್ವನ ಮಗಳು ಸುಶೀಲಾ ರೀ. ಅವ್ವ ಹೋದ ತಿಂಗಳ ತೀರಿಕೊಂಡ್ಲು.”

ಜೊತೆಗೆ ದುಡಿಯುವ ಬೇರೆ ಜಾತಿಯ ತೆಲುಗು ಹುಡುಗನನ್ನು ಆಕೆ ಮದುವೆಯಾಗಿದ್ದಳು. ತವರಿನ ಬಾಗಿಲು ಅಂದೇ ಮುಚ್ಚಿತ್ತು. ಅವ್ವ ಟೇಪಿಗೆ ಹಾಡಿದ ಸುದ್ದಿ ನೆರೆಮನೆಯವರಿಂದ ತಿಳಿದಿತ್ತು.

“ಎಂಟ್ ವರ್ಷಾತ್ರಿ ಅವ್ವ ನನ್ನ ಜೋಡಿ ಮಾತಾಡಿ. ಅಣ್ಣ ಮಣ್ಣಿಗೂ ಕರೀಲಿಲ್ಲ. ನಿಮ್ಮ ಮುಂದ ನನ್ನ ಸುದ್ದಿ ಏನರ ತಗದಿದ್ಲೇನ್ರಿ?”

ಕ್ಯಾಸೆಟ್ ಹಾಕಿದೆ. ಮೂರನೆಯ ಪದ ಮುಗಿಯಿತು, ಉಸಿರೆಳೆದುಕೊಂಡ ಸದ್ದು, “ನಮ್ಮ ಸು—” ಟಕ್. ಮುಂದಿನ ಪದ.

“ಇನ್ನೊಮ್ಮೆ ಹಚ್ರಿ” ಅಂದಳು. ಹಚ್ಚಿದೆ. ಹೀಗೆ ನಾಲ್ಕು ಸಲ.

“ಮುಂದ?”

“ಮುಂದ ಇಲ್ಲ ತಂಗಿ.” ಯಾಕೆ ಇಲ್ಲವೆಂದು ಬಾಯಲ್ಲಿ ಹೇಳಲಾರದೆ ವರದಿಯ ಆ ಸಾಲು ತೋರಿಸಿದೆ. ಬೆರಳಿಟ್ಟು ಓದಿದಳು.

“ಅಪ್ರಸ್ತುತ ಅಂದ್ರ ಏನ್ರಿ ಸರ?”

“ಬ್ಯಾಡಾದ ಮಾತು.”

“ಬೈದ್ಲೇನ್ರಿ? ಬೈದಿದ್ರೂ ಹೇಳ್ರಿ, ನಾ ಏನೂ ಅನ್ನಂಗಿಲ್ಲ.”

ಹರಸಿದರು ಅಂತ ಒಂದು ಸುಳ್ಳು ಹೇಳಿಬಿಡಬಹುದಿತ್ತು. ನಾಲಗೆ ಏಳಲಿಲ್ಲ. ನಿಜ ಹೇಳೋಣವೆಂದರೆ ಅದು ನನಗೇ ಗೊತ್ತಿಲ್ಲ, ಎದುರಿಗೇ ಕೂತಿದ್ದವನು ನಾನು! “ನಿನ್ನ ಹೆಸರು ಭಾಳ ಸಲ ತಗದ್ರು. ಒಮ್ಮೆ ಅತ್ರು” ಎಂದೆ.

“ಯಾಕ ಅತ್ಲು?”

ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಮತ್ತೆಂದೂ ಆಗಿಲ್ಲ.

ಮೂರೂ ಕ್ಯಾಸೆಟ್ಟಿನ ಪ್ರತಿ ಮಾಡಿಕೊಡುತ್ತೇನೆ ಎಂದೆ. ಆಕೆ ಬೇಡವೆಂದು ತಲೆಯಾಡಿಸಿದಳು. “‘ನಮ್ಮ ಸು’ ಅಂದಾಳಲ್ರಿ, ಅದೊಂದ ಕೊಡ್ರಿ ಸಾಕು. ಪದಾ ಎಲ್ಲಾ ನನಗ ಬರ್ತಾವ. ಸಣ್ಣಾಕಿ ಇದ್ದಾಗ ಅವ್ವನೇ ಕಲಿಸಿದ್ಲು.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಯಿತು ನನ್ನ ಕಥೆ. ಆಮೇಲೆ ನಿವೃತ್ತಿಯ ತನಕ ಹಾಡುವವರ ಮಾತಿಗೆ ನಾನು ಪಾಜ್ ಒತ್ತಲಿಲ್ಲ. ಕ್ಯಾಸೆಟ್ ಮುಗಿದರೆ ಸುಮ್ಮನೆ ಕೂತು ಕೇಳಿ ಬರೆದುಕೊಂಡೆ. ಯಾವ ಮಾತು ಬೇಡವಾದದ್ದು ಎಂದು ತೀರ್ಮಾನಿಸುವ ಹಕ್ಕು ವರದಿ ಬರೆಯುವವನಿಗಿಲ್ಲ. ನನ್ನ ಕೈಕೆಳಗೆ ಬಂದ ಹುಡುಗರಿಗೆಲ್ಲ ಮೊದಲು ಇದನ್ನೇ ಹೇಳಿಕೊಟ್ಟೆ. ಅವರು ಕಲಿತರು. ಸುಶೀಲಾಗೆ ಮಾತ್ರ ಅದರಿಂದ ಏನೂ ಸಿಗಲಿಲ್ಲ.