ಮಸುಕು ಗುರಿಯ ಮಾಸ್ತರು

ವಿಮಾನ ನಗರದ ಒಂದು ನೆಲಮಾಳಿಗೆಯಲ್ಲಿ ನಮಗೆ ಪಿಸ್ತೂಲು ಹಿಡಿಯುವುದನ್ನು ಕಲಿಸಿದ ಮಾಸ್ತರು ಬಿಜಾಪುರದ ಕಡೆಯವರು. ಹತ್ತು ಮೀಟರ್ ಆಚೆಗಿನ ಗುರಿಯನ್ನು ದಿಟ್ಟಿಸುವುದು ಅವರ ಪ್ರಕಾರ ದೊಡ್ಡ ಅಪರಾಧ. ಪಿಸ್ತೂಲಿನ ಮೂತಿಯ ಮೇಲೆ ಫ್ರಂಟ್ ಸೈಟ್ ಎಂಬ ಸಣ್ಣ ಕಬ್ಬಿಣದ ತುಂಡಿರುತ್ತದೆ. ಕಣ್ಣು ಅದರ ಮೇಲೆ ಮಾತ್ರ ಇರಬೇಕು.

"ಗುರಿ ಮಸುಕಾಗ್ಲಿ ಬಿಡ್ರಿ. ಅದೇನು ಎಲ್ಲೂ ಓಡಿ ಹೋಗಂಗಿಲ್ಲ."

ಎಡಗಣ್ಣು ಮುಚ್ಚಿದರೆ ಬಲಗಣ್ಣೂ ದಣಿಯುತ್ತದೆಂದು, ಲೋಣಾವಳಾ ಚಿಕ್ಕಿ ಡಬ್ಬಿಯ ರಟ್ಟನ್ನು ಕತ್ತರಿಸಿ, ಟೋಪಿಗೆ ಸಿಕ್ಕಿಸಿ, ಎಡಗಣ್ಣಿನ ಮುಂದೆ ಇಳಿಬಿಟ್ಟುಕೊಳ್ಳುತ್ತಿದ್ದರು.

ಚಿಂಚವಾಡದ ಪಂದ್ಯಕ್ಕೆ ಅವರೂ ಇಳಿದರು. ಗೆದ್ದರೆ ರಾಜ್ಯಮಟ್ಟಕ್ಕೆ ಹೋಗಬಹುದಿತ್ತು. ಶಿಷ್ಯರೆಲ್ಲ ಹಿಂದೆ ನಿಂತಿದ್ದೆವು. ಹತ್ತು ಗುಂಡು ಹಾರಿಸಿದರು. ಕೈ ಒಂದಿಷ್ಟೂ ಅಲುಗಲಿಲ್ಲ. ಆಮೇಲೆ ನೋಡಿದರೆ ಅವರ ಗುರಿಯ ಕಾರ್ಡಿನಲ್ಲಿ ಒಂದೂ ತೂತಿರಲಿಲ್ಲ. ಪಕ್ಕದವರ ಕಾರ್ಡಿನಲ್ಲಿ ಇಪ್ಪತ್ತಿದ್ದವು. ಅವುಗಳಲ್ಲಿ ಹತ್ತು ನಟ್ಟನಡುವೆ, ಒಂದು ನಾಣ್ಯ ಇಟ್ಟರೆ ಮುಚ್ಚಿಹೋಗುವಷ್ಟು ಒತ್ತಾಗಿದ್ದವು.

ಪಕ್ಕದ ಮರಾಠಿ ಗೃಹಸ್ಥರು ತಲೆಯ ಮೇಲೆ ಕೈಹೊತ್ತರು. "ಅಹೋ ಸರ್, ಹೇ ಮಾಝಂ ಟಾರ್ಗೆಟ್!"

ಮಾಸ್ತರು ತಮ್ಮ ಸೊನ್ನೆ ಅಂಕಕ್ಕೆ ಸಹಿ ಹಾಕಿದರು. ಇಪ್ಪತ್ತು ತೂತಿನ ಆ ಕಾರ್ಡನ್ನು ಪಕ್ಕದವರಿಂದಲೇ ಕೇಳಿ ತಂದು, ನಮ್ಮ ನೆಲಮಾಳಿಗೆಯ ಗೋಡೆಗೆ ಹಚ್ಚಿದರು. ಹೊಸಬರಿಗೆ ಮೊದಲ ಪಾಠ ಅದರ ಮುಂದೆಯೇ ನಡೆಯತೊಡಗಿತು.

ಒಂದು ದಿನ ತಡೆಯಲಾಗದೆ ಕೇಳಿದೆ: "ಸರ್, ಅದು ಅವರ ಗುರಿ ಅಲ್ಲೇನ್ರಿ?"

ಮಾಸ್ತರು ಚಿಕ್ಕಿಯ ರಟ್ಟನ್ನು ಮೇಲೆತ್ತಿ ಎರಡೂ ಕಣ್ಣಿಂದ ನನ್ನನ್ನು ನೋಡಿದರು.

"ಗುರಿ ಅವರದು ಇರ್ಬಹುದು. ತೂತು ನನ್ನವ ಅಲ್ಲೇನು?"